ಕಡಿದ ಕಾಯಿ

ರಾಮದುರ್ಗದ ಹಿರಿಯರ ಹಗಲು ಆರೈಕೆ ಕೇಂದ್ರದಲ್ಲಿ ಮೊದಲ ದಿನ ಬೆಳಿಗ್ಗೆ ಬಿಟ್ಟುಹೋಗುವುದು, ಸಂಜೆ ಕರೆದೊಯ್ಯುವುದು, ಆಮೇಲೆ ಅತ್ತೆಯ ಅಭಿಪ್ರಾಯ ಕೇಳುವುದು ಎಂದು ನಿಗದಿಯಾಗಿತ್ತು. ದೇವಕ್ಕನನ್ನು ಹಗಲು ಒಂಟಿಯಾಗಿ ಬಿಡುವಂತಿರಲಿಲ್ಲ. ಅವರು ಒಲ್ಲೆನೆಂದರೆ ಸೊಸೆ ಮೀನಾ ಕೆಲಸ ಬಿಡಬೇಕಿತ್ತು. ಸಂಜೆ ಅವಳು ಕೇಂದ್ರಕ್ಕೆ ಬಂದಾಗ ದೇವಕ್ಕ ಪಗಡೆಹಾಸಿನ ಮುಂದೆ ಹುಬ್ಬು ಗಂಟಿಕ್ಕಿಕೊಂಡು ಕುಳಿತಿದ್ದರು.

“ಇನ್ನೇನ ನಡುವಿನ ಮನಿ ಸೇರಿ ಹಣ್ಣಾಗೋ ಕಾಯಿ ಕಡದ್ಲು ನೋಡ, ಈ ಬಾಯವ್ವ!”

“ಕಡೀಬಾರದಂದ್ರ ಮನ್ಯಾಗ ಕುಂತು ಆಡ್ರಿ,” ಎಂದು ಎದುರಿಗಿದ್ದ ಬಾಯವ್ವ ನಕ್ಕರು.

ಮೀನಾ ಅತ್ತೆಯ ಚೀಲ ಎತ್ತಿಕೊಂಡಳು. “ನಾಳೆ ಬರೂದು ಬ್ಯಾಡೇನ್ರಿ, ಅತ್ತಿ?”

ದೇವಕ್ಕ ಕವಡೆಗಳನ್ನು ಮುಷ್ಟಿಯಲ್ಲಿ ಬಲವಾಗಿ ಕುಲುಕಿದರು. “ಮನ್ಯಾಗ ನೀವೆಲ್ಲಾ ಬೇಕಂತ ಸೋಲ್ತೀರಿ, ನನಗ ತಿಳಿಯೂದಿಲ್ಲೇನು? ನಾಳೆ ಲಗೂನ ಕರಕೊಂಡ ಬಾ. ಈಕಿಗೆ ತೋರಸ್ತೇನಿ.”

ಅತ್ತೆಗೆ ಮನೆಯಲ್ಲಿ ಸಿಗದಿದ್ದ ಎದುರಾಳಿ ಕೇಂದ್ರದಲ್ಲಿ ಸಿಕ್ಕಿದ್ದರು.