ಮುದ್ದುಕೃಷ್ಣ ಫೋನ್ ಬದಲಿಸಿದ್ದು

ಹೆಂಡತಿಗೆ ಮೋಸ ಮಾಡಬೇಕೆಂದು ಮುದ್ದುಕೃಷ್ಣ ತೀರ್ಮಾನಿಸಿದ್ದು ಏಪ್ರಿಲ್ ತಿಂಗಳ ಒಂದು ಶುಕ್ರವಾರ, ಮಧ್ಯಾಹ್ನದ ಬಿರಿಯಾನಿ ತಿಂದು ಕೈ ತೊಳೆಯುವಾಗ. ನಾಲ್ಕು ಗಂಟೆಗೆ ಅವನು, ತಾನು ದುಡಿಯುತ್ತಿದ್ದ ಕೊಲ್ಲಿ ದೇಶದ ಐನ್ ಖಾಲಿದ್‌ನ ಮೊಬೈಲ್ ಅಂಗಡಿಯ ಗಾಜಿನ ಬಾಗಿಲ ಮುಂದೆ ನಿಂತಿದ್ದ. ಒಳಗೆ ಹೋಗಲು ಧೈರ್ಯವಿಲ್ಲ, ಹಿಂದಿರುಗಲು ಮನಸ್ಸಿಲ್ಲ.

ಜೇಬಿನಲ್ಲಿ ಫೋನು ಗುಂಯ್ ಎಂದಿತು. ನೋಡದೆಯೇ ಗೊತ್ತು, ಮೂಲ್ಕಿಯಿಂದ ಹೆಂಡತಿ ನಿಶ್ಮಿತಾ. ‘ಬಿಸಿಲಲ್ಲಿ ತಿರುಗಬೇಡಿ. ನೀವು ನೀರು ಕುಡಿದಿರಿ ಎಂದು ಕೇಳಿದರೆ ಸಾಕು, ನನ್ನ ಬಾಯಾರಿಕೆ ತೀರುತ್ತದೆ.’

ಅವನು ಅದನ್ನು ಮೂರು ಸಲ ಓದಿದ. ಏನು ಬರೆಯಬೇಕೆಂದು ಹೊಳೆಯಲಿಲ್ಲ. ‘ಸರಿ’ ಎಂದು ಬರೆದು ಕಳಿಸಿದ.

ಇದೇ ಅವನ ತೊಂದರೆ. ಇಂಡಸ್ಟ್ರಿಯಲ್ ಏರಿಯಾದ ಗೋದಾಮಿನಲ್ಲಿ ಪೈಪು, ವಾಲ್ವು ಎತ್ತಿ ಕೊಡುತ್ತ ಒಂಬತ್ತು ವರ್ಷ ಕಳೆಯುವಷ್ಟರಲ್ಲಿ ಅವನೊಳಗೆ ಏನೋ ಮರಗಟ್ಟಿಹೋಗಿತ್ತು. ದುಃಖವೂ ಇಲ್ಲ, ಸಂತೋಷವೂ ಇಲ್ಲ. ಮಗಳು ತೃಷಾ ಓಟದಲ್ಲಿ ಮೊದಲ ಬಹುಮಾನ ತಂದಾಗ ಹೆಬ್ಬೆರಳಿನ ಚಿತ್ರ ಕಳಿಸಿ ಕೈತೊಳೆದುಕೊಂಡಿದ್ದ. ಹೋದ ವರ್ಷ ನಿಶ್ಮಿತಾಳ ಅಪ್ಪ ತೀರಿಕೊಂಡ ಸುದ್ದಿಗೂ ಅದೇ ಹೆಬ್ಬೆರಳು ಹೋಯಿತು. ಆಮೇಲೆ ಹತ್ತು ದಿನ ಆ ಕಡೆಯಿಂದ ಒಂದಕ್ಷರ ಬರಲಿಲ್ಲ. ಬಾರದೇ ಇದ್ದದ್ದು ಇವನ ಗಮನಕ್ಕೂ ಬರಲಿಲ್ಲ.

ಆಗೆಲ್ಲ ಅವರ ಸಂಸಾರವೆಂದರೆ ನಾಲ್ಕು ಮಾತು. ‘ಊಟ ಆಯ್ತಾ?’ ‘ಆಯ್ತು. ನಿಂದು?’ ‘ಆಯ್ತು.’ ‘ಮಲಗು.’

ಡಿಸೆಂಬರ್‌ನಲ್ಲಿ ಅವನು ಅವಳಿಗೊಂದು ಹೊಸ ಫೋನು ಕಳಿಸಿದ. ಕ್ರಿಸ್‌ಮಸ್‌ಗೆ ಊರಿಗೆ ಹೊರಟಿದ್ದ ಕಿನ್ನಿಗೋಳಿಯ ರೊನಾಲ್ಡ್ ಅದನ್ನು ಮನೆಗೇ ಮುಟ್ಟಿಸಿ ಬಂದ. ಅಲ್ಲಿಂದ ನಿಶ್ಮಿತಾ ಬೇರೆಯೇ ಹೆಂಗಸಾದಳು. ಇವನ ಒಂದು ‘ಹ್ಞೂಂ’ಗೆ ಅವಳಿಂದ ನಾಲ್ಕು ಸಾಲು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಮಾತಾಡಲು ಕರೆದರೆ ಮಾತ್ರ ಅದೇ ಹಳೆಯ ಗ್ಯಾಸು, ಸ್ಕೂಲ್ ವ್ಯಾನು, ಅತ್ತೆಯ ಮಂಡಿನೋವು. ಅತ್ತೆ ಪಕ್ಕದಲ್ಲೇ ಕುಳಿತಿರುವಾಗ ಪಾಪ ಇನ್ನೇನು ಹೇಳಿಯಾಳು ಎಂದು ಅವನು ಅರ್ಥಮಾಡಿಕೊಂಡ. ಒಂದು ಫೋನಿಗೆ ಇಷ್ಟು ಪ್ರೀತಿ ಹುಟ್ಟುವುದಾದರೆ ಮೊದಲೇ ಕಳಿಸಬಹುದಿತ್ತಲ್ಲ ಎಂದೂ ಅನ್ನಿಸಿತು.

ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ಆ ಸಾಲುಗಳನ್ನು ಓದದಿದ್ದರೆ ಅವನಿಗೆ ಗೋದಾಮಿನ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ನಿನ್ನೆ ಸಂಜೆ ಅವಳು ಬರೆದಿದ್ದಳು: ‘ನನ್ನ ಮೇಲೆ ನಿಮಗೆ ಮನಸ್ಸಿದೆಯೋ ಇಲ್ಲವೋ, ಒಮ್ಮೆ ಹೇಳಿಬಿಡಿ.’ ಹನ್ನೊಂದು ಸಲ ಬರೆದು ಅಳಿಸಿದ. ಕೊನೆಗೆ ಹೂವಿನ ಚಿತ್ರವೊಂದನ್ನು ಕಳಿಸಿದ. ಹೀಗೇ ಆದರೆ ಅವಳು ಬೇಸತ್ತು ಬರೆಯುವುದನ್ನೇ ಬಿಡುತ್ತಾಳೆ ಎಂಬ ಹೆದರಿಕೆ ಹತ್ತಿತು. ಒಂಬತ್ತು ವರ್ಷದಲ್ಲಿ ಅವನಿಗೆ ಹುಟ್ಟಿದ ಹೆದರಿಕೆ ಅದೊಂದೇ.

“ಎಂತ ಮುದ್ದಣ್ಣ, ಹೊರಗೆ ನಿಂತು ಧ್ಯಾನವಾ? ಒಳಗೆ ಬನ್ನಿ, ಏಸಿ ಉಂಟು.” ಬಾಗಿಲು ತೆರೆದವನು ರೊನಾಲ್ಡ್. ಅವನು ಆ ಅಂಗಡಿಯಲ್ಲೇ ಸೇಲ್ಸ್‌ಮನ್.

“ತಾನೇ ಉತ್ತರ ಬರೆಯುವ ಫೋನು ಬಂದಿದೆಯಂತೆ, ಹೌದಾ? ರೂಮಿನವರು ಹೇಳ್ತಿದ್ರು,” ಎಂದ ಮುದ್ದುಕೃಷ್ಣ ಒಳಗೆ ಬಂದು.

“ಬರೆಯುದು ಹೊಸತೇನಲ್ಲ, ನಿಮ್ಮ ಐದು ವರ್ಷದ ಡಬ್ಬದಲ್ಲಿ ಇಲ್ಲ ಅಷ್ಟೆ. ಈ ಮಾಡೆಲ್ ಇನ್ನೂ ಚಂದ ಬರೀತದೆ. ಹಳೆ ಮೆಸೇಜೆಲ್ಲ ಓದಿ ನಿಮ್ಮ ಹಾಗೇ ಉತ್ತರ ಕೊಡ್ತದೆ. ಪ್ರೀತಿ ಸ್ವಲ್ಪ ಜಾಸ್ತಿ ಬೇಕಾದ್ರೆ ಅದಕ್ಕೂ ಒಂದು ಗೆರೆ ಉಂಟು, ಎಳೆದರಾಯ್ತು, ಇಗೊಳ್ಳಿ.”

ಯಾರಿಗೆ ಎಂದು ರೊನಾಲ್ಡ್ ಕೇಳಲಿಲ್ಲ. ಅದೊಂದು ಉಪಕಾರ.

ಮುದ್ದುಕೃಷ್ಣ ಹೊಸ ಫೋನನ್ನು ಕೈಯಲ್ಲಿ ಹಿಡಿದು ನೋಡಿದ. ಅಲ್ಲಿ ಅವಳು ಒಲೆಯ ಮುಂದೆ ಬೆವರುತ್ತ, ಸೆರಗಿಗೆ ಕೈ ಒರೆಸಿಕೊಂಡು ಒಂದೊಂದೇ ಅಕ್ಷರ ಒತ್ತುವುದು. ಇಲ್ಲಿ ತಾನು ಆ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವುದು. ನಾಚಿಕೆಯಾಯಿತು. ಫೋನನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ತಿರುಗಿದ.

ಜೇಬು ಮತ್ತೆ ಗುಂಯ್ ಎಂದಿತು. ‘ಬರೀ “ಸರಿ”ಯೇ? ನನಗಾಗಿ ಎರಡು ಮಾತು ಬರೆಯಬಾರದೇ?’

“ಹಾಕು ಮಾರಾಯ,” ಎಂದ ಮುದ್ದುಕೃಷ್ಣ. “ಖಲಾಸ್.”

ಹಳೆಯದರಿಂದ ಹೊಸದಕ್ಕೆ ಎಲ್ಲವೂ ಹರಿದುಬರಲು ಅರ್ಧ ಗಂಟೆ ಹಿಡಿಯಿತು. ರೊನಾಲ್ಡ್ ಪ್ರೀತಿಯ ಗೆರೆಯನ್ನು ಕೊನೆಯವರೆಗೂ ಎಳೆದುಬಿಟ್ಟ. ಫೋನು ತಾನೇ ಬರೆಯಿತು: ‘ನಿಶ್ಮೀ, ನನಗೆ ಮಾತು ಬರುವುದಿಲ್ಲ. ಆದರೆ ನೀನು ಬರೆಯದಿದ್ದರೆ ನನಗೆ ಬೆಳಗಾಗುವುದಿಲ್ಲ.’

ಅವನು ಹೇಳಬೇಕೆಂದಿದ್ದುದು ಅದನ್ನೇ. ಥಟ್ಟನೆ ಉತ್ತರ ಬಂತು. ಫೋನು ಅದಕ್ಕೂ ಬರೆಯಿತು. ಮತ್ತೆ ಉತ್ತರ, ಮತ್ತೆ ಉತ್ತರ. ಎರಡು ನಿಮಿಷದಲ್ಲಿ ಇಪ್ಪತ್ತು ಮೆಸೇಜು, ಓದಿ ಮುಗಿಸಲೂ ಆಗದಷ್ಟು. ‘ನನ್ನ ಕಣ್ಣು ತುಂಬಿ ಬಂತು’ ಎಂಬ ಅವಳ ಸಾಲೊಂದು ಮೇಲಕ್ಕೆ ಸರಿದುಹೋಯಿತು. ಎಷ್ಟೋ ವರ್ಷದ ಮೇಲೆ ಮುದ್ದುಕೃಷ್ಣನ ಕಣ್ಣೂ ತೇವವಾಯಿತು. ಸಂಸಾರ ಉಳಿಯಿತು ಎಂದುಕೊಂಡ.

ಒಂದೇ ಅಳುಕು ಉಳಿದಿತ್ತು. “ರೊನಾಲ್ಡ್, ಅವಳಿಗೆ ಸಂಶಯ ಬರ್ಲಿಕ್ಕಿಲ್ಲ ಅಲ್ವಾ?”

“ನಾಲ್ಕು ತಿಂಗಳಲ್ಲಿ ನಿಮಗೆ ಬಂತಾ, ಮುದ್ದಣ್ಣ?” ರೊನಾಲ್ಡ್ ಖಾಲಿ ಡಬ್ಬಿಯನ್ನು ಚೀಲಕ್ಕೆ ಹಾಕುತ್ತ ಹೇಳಿದ. “ಕ್ರಿಸ್‌ಮಸ್‌ಗೆ ಹೋದಾಗ ಅತ್ತಿಗೆಯ ಫೋನಿಗೆ ಇದನ್ನೇ ಹಾಕಿಕೊಟ್ಟು ಬಂದದ್ದು ನಾನೇ.”