ಮಗ್ಗ ನಿಂತಾಗ

ಹೊಲಿಗೆ ಮಷಿನ್ನಿಗೆ ಎಣ್ಣೆ ಹಾಕಿದಾಗಲೆಲ್ಲ ಆ ವಾಸನೆ ರಬಕವಿಯ ನಮ್ಮ ಮನೆಯ ಮಗ್ಗವನ್ನು ನೆನಪಿಸುತ್ತದೆ.

ಅವ್ವ ಪಾವರ್‌ಲೂಮಿನಲ್ಲಿ ಸೀರೆ ನೇಯುತ್ತಿದ್ದಳು. ಆ ಖಟಖಟದಲ್ಲಿ ಯಾರ ಮಾತೂ ಕಿವಿಗೆ ಬೀಳುತ್ತಿರಲಿಲ್ಲ. ಹಾಗಾಗಿ ನಮ್ಮ ಓಣಿಯ ನೇಕಾರರೆಲ್ಲ ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು. ಆ ಮಧ್ಯಾಹ್ನ ನಾನು ಅವಳ ಎದುರು ನಿಂತು ಇಂಗ್ಲಿಷ್ ಪಾಠ ಒಪ್ಪಿಸುತ್ತಿದ್ದೆ. ಸನ್ ಅಂದರೆ ಸೂರ್ಯ, ಇನ್ನೊಂದು ಸನ್ ಅಂದರೆ ಮಗ.

ಅವ್ವ ನಕ್ಕಳು. “ಎರಡಕ್ಕೂ ತುಟಿ ಒಂದಽ ಥರಾ ಆಡತಾವು. ನನಗ ಹೆಂಗ ತಿಳೀಬೇಕವಾ?”

“ದನಿನೂ ಒಂದಽ ಐತಿ ಬೇ ಯವ್ವಾ,” ಎಂದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಹಿತ್ತಲಲ್ಲಿ ಕೋಳಿ ಕೆದಕುವುದೂ ಕೇಳಿಸತೊಡಗಿತು. ಅವ್ವ ಹರಿದ ಎಳೆಗೆ ಗಂಟು ಹಾಕಲು ಬಗ್ಗಿದಳು. ನಾನು ಅವಳ ಬೆನ್ನ ಹಿಂದೆ ನಿಂತು ಖುಷಿಯಿಂದ ಮತ್ತೆ ಎಲ್ಲ ಒಪ್ಪಿಸಿದೆ.

“ಈಗರೆ ಕೇಳಸ್ತೇನಬೇ ಯವ್ವಾ?”

ಅವಳು ಗಂಟು ಹಾಕುತ್ತಲೇ ಇದ್ದಳು. ನಾನು ಹೆಗಲು ಮುಟ್ಟಿದೆ. ಅವಳು ತಿರುಗಿ, ನನ್ನ ಗಲ್ಲ ಹಿಡಿದು, ಮುಖವನ್ನು ಕಿಟಕಿಯ ಬೆಳಕಿಗೆ ಹೊರಳಿಸಿಕೊಂಡಳು.

“ಹೂಂ, ಈಗ ಹೇಳವಾ.”