ಸ್ವಂತ ವಾಕ್ಯ

“ಟೀಚರ್, ಬೋರ್ಡ್ ಮೇಲೆ ಬರೆದು ಸುಮ್ಮನೆ ನಿಂತ್ರೆ ಹೇಗೆ? ಅರ್ಥ ಹೇಳಿ,” ಎಂದರು ದೊಡ್ಡವರ ಇಂಗ್ಲಿಷ್ ಕ್ಲಾಸಿಗೆ ಬರುವ ಕನ್ನಡಕದಂಗಡಿಯವರು.

ಟೀಚರ್ ಫೋನಿನಿಂದ ಕಣ್ಣು ಕಿತ್ತಳು. ಗಂಡನನ್ನು ಆಪರೇಷನ್‌ಗೆ ಒಳಗೆ ಕರೆದುಕೊಂಡು ಹೋಗಿ ಬಹಳ ಹೊತ್ತಾಗಿತ್ತು. “ಪಿತ್ತಕೋಶದ ಕಲ್ಲಿಗೆಲ್ಲ ಯಾಕೆ ಮುಖ ಸಣ್ಣ ಮಾಡ್ತೀಯಾ? ಹೋಗಿ ನಿನ್ನ ದೊಡ್ಡ ಮಕ್ಕಳಿಗೆ ಪಾಠ ಮಾಡು,” ಎಂದು ಅವನೇ ಅವಳನ್ನು ಅಟ್ಟಿದ್ದ. ಮುಗಿದ ಕೂಡಲೇ ಫೋನ್ ಮಾಡುತ್ತೇನೆಂದು ಮೈದುನ ಆಸ್ಪತ್ರೆಯಲ್ಲೇ ಕೂತಿದ್ದ. ಕ್ಲಾಸಿನಲ್ಲಿ ಅವಳು ಯಾರಿಗೂ ಇದನ್ನು ಹೇಳಿರಲಿಲ್ಲ.

“ಹಿಟ್ ಲೈಕ್ ಎ ಟನ್ ಆಫ್ ಬ್ರಿಕ್ಸ್. ಒಂದು ಲೋಡು ಇಟ್ಟಿಗೆ ಮೈಮೇಲೆ ಸುರಿದ ಹಾಗೆ. ಯಾವುದೋ ಸುದ್ದಿ ಬರುತ್ತೆ, ಬಾಯೇ ಕಟ್ಟಿಹೋಗುತ್ತೆ. ಬರಸಿಡಿಲು ಬಡಿದ ಹಾಗೆ ಅಂತೀವಲ್ಲ, ಅದೇ. ಸರಿ, ಎಲ್ಲರೂ ಒಂದೊಂದು ಸ್ವಂತ ವಾಕ್ಯ ಹೇಳಿ.”

ವಾಡಿಕೆಯಂತೆ ಹೇಳಿಬಿಟ್ಟು ನಾಲಿಗೆ ಕಚ್ಚಿಕೊಂಡಳು. ಮುಂದಿನ ಬೆಂಚಿನಲ್ಲೇ ಟೈಲರಮ್ಮ ಕೂತಿದ್ದಳು.

ಪಾಪ, ಟೈಲರಮ್ಮ ಯಾರಿಗೂ ಕೇಡು ಬಯಸುವವಳಲ್ಲ. ಆದರೆ ಅವಳು ಹೇಳಿದ ವಾಕ್ಯ ಸುಮ್ಮನೆ ಹೋಗುತ್ತಿರಲಿಲ್ಲ. ‘ಔಟ್ ಆಫ್ ದ ಬ್ಲೂ’ ಕಲಿಸಿದ ದಿನ, ಕೆಳಗಿನ ಅಂಗಡಿಯ ಬೋರ್ಡ್ ಇದ್ದಕ್ಕಿದ್ದಂತೆ ಕಳಚಿ ಬಿತ್ತು ಎಂದಳು. ಮಾರನೆಯ ದಿನ ಬಿತ್ತು! ‘ಕಿಕ್ ದ ಬಕೆಟ್’ ಬಂದಾಗ ತನ್ನ ವಾಕ್ಯದಲ್ಲಿ ಈ ಕಟ್ಟಡದ ವಾಚ್‌ಮನ್ನನ್ನು ಸಾಯಿಸಿ ಎಲ್ಲರನ್ನೂ ನಗಿಸಿದಳು. ಆ ವಾರವೇ ವಾಚ್‌ಮನ್ ತೀರಿಕೊಂಡ. “ಬಾಯಿಗೆ ಬಂದದ್ದು ಹೇಳ್ದೆ ಟೀಚರ್, ನನಗೇನ್ ಗೊತ್ತು?” ಎಂದು ಅವಳೇ ಗೊಳೋ ಎಂದು ಅತ್ತಿದ್ದಳು. ಅಲ್ಲಿಂದಾಚೆ ಅವಳು ಎದ್ದು ನಿಂತರೆ ಯಾರಿಗೂ ನಗು ಬರುತ್ತಿರಲಿಲ್ಲ.

ಎಲ್ಲ ಕಾಕತಾಳೀಯ, ಓದಿದವಳು ನಾನು ಇದನ್ನೆಲ್ಲ ನಂಬುವುದೇ ಎಂದುಕೊಂಡರೂ ಟೀಚರ್ ಮೇಜಿನ ಮೇಲಿಟ್ಟ ಫೋನನ್ನು ಮತ್ತೊಮ್ಮೆ ನೋಡಿದಳು. ಇವತ್ತೊಂದು ದಿನ ಇವಳು ಬಾಯಿ ತೆರೆಯದಿದ್ದರೆ ಸಾಕು.

“ಇವತ್ತು ಹಿಂದಿನ ಬೆಂಚಿಂದ ಶುರು ಮಾಡೋಣ,” ಎಂದಳು. ಅಷ್ಟರಲ್ಲಿ ಟೈಲರಮ್ಮ ಎದ್ದಾಗಿತ್ತು.

“ಕೂತ್ಕೊಳ್ಳಿ ಟೈಲರಮ್ಮ! ನೀವು ಹೇಳೋದು ಬೇಡ!”

ಅಷ್ಟು ಜೋರಾಗಿ ಟೀಚರ್ ಎಂದೂ ಕೂಗಿದ್ದಿಲ್ಲ. 

“ಇಲ್ಲ ಟೀಚರ್, ಹೇಳಲ್ಲ. ವಾಕ್ಯ ಬಾಯಿಗೆ ಬಂದಿದೆ, ಆದ್ರೆ ಇದೊಂದನ್ನ ಹೇಳೋಕೆ ನನ್ನ ಕೈಲಿ ಆಗಲ್ಲ.” ಟೈಲರಮ್ಮನ ಕಣ್ಣು ತುಂಬಿತ್ತು. ಮೇಜಿನ ಮೇಲೆ ಫೋನು ಇನ್ನೂ ಸುಮ್ಮನೆ ಬಿದ್ದಿತ್ತು.

“ಹಾಗಾದ್ರೆ... ಯಾಕೆ ಎದ್ರಿ?”

ಟೈಲರಮ್ಮ ಗೋಡೆ ಪಕ್ಕದ ಕುರ್ಚಿ ಎತ್ತಿಕೊಂಡು ಬಂದು ಟೀಚರ್ ಹಿಂದೆ ಇಟ್ಟಳು. ಮೆಲ್ಲಗೆ ಅವಳ ತೋಳು ಹಿಡಿದುಕೊಂಡಳು.

“ಮೊದಲು ನೀವು ಕೂತ್ಕೊಳ್ಳಿ ಟೀಚರ್.”